ನಗರ ಬಿಟ್ಟು ಹೊರವಲಯಕ್ಕೆ ಮನೆ ಬದಲಿಸಬೇಕೇ?

ಪರ: ಮೊದಲು ಕಾಲು ಚಾಚಲು ಜಾಗ ಬೇಕು

ಹೋಗಿ. ಸಾಧ್ಯವಾದರೆ ಈ ವರ್ಷವೇ ಹೋಗಿ. ನಿವೃತ್ತಿಯಾದ ಮೇಲೆ ನೋಡೋಣ ಎಂದು ಮುಂದಕ್ಕೆ ಹಾಕುವವರ ತರ್ಕ ನನಗೆ ಅರ್ಥವಾಗುವುದಿಲ್ಲ. ಜಾಗ ಬೇಕಾಗುವುದು ಮನೆ ತುಂಬ ಜನ ಇರುವಾಗ. ಮಕ್ಕಳು ತಮ್ಮ ದಾರಿ ಹಿಡಿದ ಮೇಲೆ ಮೂರು ಕೋಣೆ ಕಟ್ಟಿಕೊಂಡು ಗುಡಿಸುವವರು ಯಾರು?

ನಗರದ ನಡುವೆ ಮನೆ ಏಕೆ ದುಬಾರಿ ಎಂಬುದನ್ನು ಅರ್ಥಶಾಸ್ತ್ರಜ್ಞ ವಿಲಿಯಂ ಅಲೊನ್ಸೊ 1964ರಲ್ಲೇ ಬಿಡಿಸಿ ಹೇಳಿದ್ದಾರೆ. ಕೆಲಸ, ವ್ಯಾಪಾರ ಎಲ್ಲ ಒಂದು ಕಡೆ ಕೂಡಿಕೊಂಡ ಊರಿನಲ್ಲಿ ಅದಕ್ಕೆ ಹತ್ತಿರ ಇರಲು ಎಲ್ಲರೂ ಪೈಪೋಟಿಗೆ ಬೀಳುತ್ತಾರೆ. ದೂರ ಸರಿದಂತೆ ಓಡಾಟದ ಖರ್ಚು ಏರುತ್ತದೆ, ನೆಲದ ಬೆಲೆ ಇಳಿಯುತ್ತದೆ. ಅಂದರೆ ನೀವು ತಿಂಗಳು ತಿಂಗಳು ಕಟ್ಟುವ ಬಾಡಿಗೆಯ ದೊಡ್ಡ ಪಾಲು ಗೋಡೆಗೂ ಅಲ್ಲ, ಕಿಟಕಿಗೂ ಅಲ್ಲ, ಕಚೇರಿಗೆ ಹತ್ತಿರ ಇರುವುದಕ್ಕೆ. ವಾರದಲ್ಲಿ ಎರಡೋ ಮೂರೋ ದಿನ ಮಾತ್ರ ಕಚೇರಿಗೆ ಹೋಗುವವರೂ ಏಳು ದಿನಕ್ಕೂ ಸೇರಿಸಿಯೇ ದುಡ್ಡು ತೆರುತ್ತಿದ್ದಾರೆ. ಹೋಗದ ದಿನದ ದುಡ್ಡು ಯಾರೂ ವಾಪಸು ಕೊಡುವುದಿಲ್ಲ.

ಇನ್ನು ಗದ್ದಲ. ವಾಹನಗಳ ಸದ್ದು ರಾತ್ರಿ ಹೊತ್ತು ಸರಾಸರಿ 45 ಡೆಸಿಬಲ್ ಮೀರದಂತೆ ನೋಡಿಕೊಳ್ಳಬೇಕು, ಮೀರಿದರೆ ನಿದ್ದೆ ಕೆಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ಶಿಫಾರಸು ಮಾಡಿತು. ಮುಖ್ಯರಸ್ತೆಯ ಕಡೆಗಿರುವ ಕೋಣೆಯಲ್ಲಿ ಮಲಗುವವರು ಸದ್ದು ತಡೆಯಲು ಕಿಟಕಿ ಮುಚ್ಚಬೇಕು. ಮುಚ್ಚಿದರೆ ಸೆಕೆ. ನಗರದ ರಾತ್ರಿ ಸುತ್ತಲಿನ ಹಳ್ಳಿಗಾಡಿಗಿಂತ ಬಿಸಿ ಎಂಬುದನ್ನು ಲ್ಯೂಕ್ ಹೊವಾರ್ಡ್ ಲಂಡನ್ನಿನಲ್ಲಿ ತಾಪಮಾನ ಅಳೆದು ತೋರಿಸಿ ಇನ್ನೂರು ವರ್ಷವಾಯಿತು. ಕಾಂಕ್ರೀಟು, ಡಾಂಬರು ಹಗಲೆಲ್ಲ ಹೀರಿದ ಕಾವನ್ನು ರಾತ್ರಿಯಿಡೀ ಕಕ್ಕುತ್ತವೆ. ಮರ, ಬಯಲು ಇರುವ ಕಡೆ ನೆಲ ಬೇಗ ತಣಿಯುತ್ತದೆ.

ಇಷ್ಟೂ ಓದಿ ತಿಳಿದ ಮಾತು. ನಾನು ಊರಾಚೆಗೆ ಹೊರಟದ್ದು ಅಮ್ಮನ ವಾಕರ್ ದೆಸೆಯಿಂದ. ಸೊಂಟದ ಆಪರೇಷನ್ ಆದ ಮೇಲೆ ಅಮ್ಮ ನಮ್ಮ ಜೊತೆಗಿರಲು ಬಂದರು. ಆಗಿನ ಫ್ಲ್ಯಾಟಿನಲ್ಲಿ ಹಾಲ್‌ನಿಂದ ಬಾತ್‌ರೂಮಿಗೆ ಒಂದು ಇಕ್ಕಟ್ಟಾದ ಪ್ಯಾಸೇಜು. ಒಂದು ಪಕ್ಕ ಚಪ್ಪಲಿ ಸ್ಟ್ಯಾಂಡು, ಇನ್ನೊಂದು ಪಕ್ಕ ವಾಷಿಂಗ್ ಮೆಷಿನ್, ಬೇರೆಲ್ಲೂ ಇಡಲು ಜಾಗವಿಲ್ಲದೆ ಅಲ್ಲಿಗೆ ಬಂದಿದ್ದವು. ವಾಕರ್ ನೇರಕ್ಕೆ ಹಿಡಿಸುತ್ತಿರಲಿಲ್ಲ. ಅಮ್ಮ ಅದನ್ನು ಓರೆ ಮಾಡಿ, ತಾವೂ ಅಡ್ಡಡ್ಡ ಹೆಜ್ಜೆ ಇಟ್ಟು, ಬಾಗಿಲ ಹತ್ತಿರ ವಾಕರ್ ಬಿಟ್ಟು ಚೌಕಟ್ಟು ಹಿಡಿದು ಒಳಗೆ ಹೋಗುತ್ತಿದ್ದರು. ಕೆಲವೇ ತಿಂಗಳಲ್ಲಿ ಅವರ ಕೈ ತಾಗುವ ಎತ್ತರದಲ್ಲಿ ಚೌಕಟ್ಟಿನ ಬಣ್ಣ ಸವೆದು ಒಳಗಿನ ಮರ ಕಾಣಿಸಿತು. ಫಿಸಿಯೋಥೆರಪಿಗೆ ಬರುತ್ತಿದ್ದ ಹುಡುಗಿ, "ಅಜ್ಜಿ ದಿನಾ ನಡೀಬೇಕು ಆಂಟಿ" ಅಂದಳು. ಎಲ್ಲಿ ನಡೆಯುವುದು? ಸೋಫಾ ಸುತ್ತ. ಅಮ್ಮ ಸೋಫಾ ಸುತ್ತ ನಡೆಯುವಾಗ ನಾವೆಲ್ಲ ಕಾಲು ಮೇಲೆತ್ತಿಕೊಂಡು ಕೂರುತ್ತಿದ್ದೆವು.

ಓನರು ಬಾಡಿಗೆ ಏರಿಸುವ ಮಾತು ತೆಗೆದ ವಾರವೇ ನಾನು ಹೊರಗೆ ಮನೆ ಹುಡುಕಲು ಶುರು ಮಾಡಿದೆ. ಹಳೆಯ ಬಾಡಿಗೆಗಿಂತ ಕಡಿಮೆಗೆ ನೆಲಮಹಡಿಯ ಮನೆ ಸಿಕ್ಕಿತು. ಅಗಲವಾದ ಬಾಗಿಲು, ಸುತ್ತ ಕಾಂಪೌಂಡು. ಈಗ ಅಮ್ಮ ಬೆಳಿಗ್ಗೆ ಯಾರನ್ನೂ ಎಬ್ಬಿಸದೆ ಚಿಲಕ ತೆಗೆದು ಹೊರಗೆ ಹೋಗುತ್ತಾರೆ. ಪಕ್ಕದ ಮನೆಯ ಮರದ ಎಲೆ ನಮ್ಮ ಕಡೆ ಉದುರುತ್ತದೆಂದು ಕಾಂಪೌಂಡಿನ ಬಳಿ ನಿಂತು ಜಗಳವನ್ನೂ ಆಡಿದ್ದಾರೆ. ಜಗಳಕ್ಕೂ ತ್ರಾಣ ಬೇಕಲ್ಲ! ಆ ತ್ರಾಣ ಎಲ್ಲಿಂದ ಬಂತು ಎಂದು ನಗರಪ್ರಿಯರು ಹೇಳಲಿ.

ಪ್ರಯಾಣದ ಮಾತು ಎತ್ತುತ್ತಾರೆ, ಗೊತ್ತು. ನಗರದೊಳಗೇ ಇರುವವರು ಸಿಗ್ನಲ್ಲಿನಲ್ಲಿ ನಿಲ್ಲುವುದಿಲ್ಲವೇ? ನನ್ನ ಕೆಲಸ ಬಹುಪಾಲು ಮನೆಯಿಂದಲೇ. ಯಜಮಾನರು ರೈಲಿನಲ್ಲಿ ಹೋಗಿ ಬರುತ್ತಾರೆ, ಈವರೆಗೆ ದೂರಿಲ್ಲ. ಮತ್ತೆ ಕೆಲವರಿಗೆ ನಾಟಕ, ಸಂಗೀತ, ಪುಸ್ತಕದಂಗಡಿ ಎಲ್ಲ ದೂರವಾಗುತ್ತದೆಂಬ ಕೊರಗು. ನಗರದಲ್ಲಿದ್ದಾಗ ಕಳೆದ ವರ್ಷ ಎಷ್ಟು ನಾಟಕ ನೋಡಿದಿರಿ ಎಂದು ಕೇಳಿ ನೋಡಿ, ಮಾತು ಬದಲಿಸುತ್ತಾರೆ. ನಾಟಕ ಪಕ್ಕದಲ್ಲಿದೆ ಎಂಬ ಸಮಾಧಾನಕ್ಕಾಗಿ ಕತ್ತಲೆ ಅಡುಗೆಮನೆಯಲ್ಲಿ ಹಗಲು ಹನ್ನೊಂದಕ್ಕೆ ಲೈಟು ಹಾಕಿಕೊಂಡು ಇರುವುದು ಅವರ ಇಷ್ಟ.

ಊರಿನ ಅನುಕೂಲ, ಹಳ್ಳಿಯ ಗಾಳಿ ಎರಡೂ ಒಂದೇ ಕಡೆ ಸಿಗಬೇಕೆಂಬುದು ಇನ್ನೊಬ್ಬ ಹೊವಾರ್ಡ್, ಎಬನೀಜರ್ ಹೊವಾರ್ಡ್ 1898ರಲ್ಲಿ ಮುಂದಿಟ್ಟ ವಿಚಾರ. ಇಂಗ್ಲೆಂಡಿನ ಲೆಚ್‌ವರ್ತ್ 1903ರಲ್ಲಿ ಹಾಗೆ ಶುರುವಾದ ಊರು. ಎಲ್ಲ ಹೊರವಲಯವೂ ಲೆಚ್‌ವರ್ತ್ ಆಗುವುದಿಲ್ಲ, ಒಪ್ಪಿದೆ. ವಾಕರ್ ನೇರಕ್ಕೆ ಹಿಡಿಸಿದರೆ ನನಗೆ ಸಾಕು.

ವಿರೋಧ: ದಾರಿಯಲ್ಲಿ ಹೋಗುವ ಗಂಟೆಗೆ ಲೆಕ್ಕ ಇಡುವವರಾರು?

ವಿರೋಧದ ಪಾಲು ನನಗೆ ಬಂದಿದೆ. ಭಾನುವಾರ ಬಂದರೆ ನಾನೂ ಊರಾಚೆಯ ಮನೆಗಳನ್ನು ನೋಡಲು ಹೋಗುವವನೇ. ಅದನ್ನು ಮೊದಲೇ ಹೇಳಿಬಿಡಿ ಎಂದು ಹೆಂಡತಿ ಹೇಳಿದ್ದಾಳೆ, ಹೇಳಿದ್ದೇನೆ. ಆದರೆ ಪ್ರತಿ ಸಲವೂ ಅಡ್ವಾನ್ಸ್ ಕೊಡದೆ ವಾಪಸಾಗಿದ್ದೇನೆ.

ಮುಖ್ಯ ಕಾರಣ ಸಮಯ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದ ಪ್ರಬಂಧದ ಪ್ರಕಾರ, ಮನುಷ್ಯ ಹಿಂದಿನಿಂದಲೂ ದಿನಕ್ಕೆ ಸುಮಾರು ಒಂದು ಗಂಟೆಯನ್ನು ಓಡಾಟಕ್ಕೆ ಇಡುತ್ತಾನೆ, ಹೋಗಲು ಅರ್ಧ, ಬರಲು ಅರ್ಧ. ನಡೆಯುವ ಕಾಲದಲ್ಲಿ ಊರು ಚಿಕ್ಕದಿತ್ತು, ಚಕ್ರ ವೇಗವಾದಂತೆ ಹಿಗ್ಗಿತು. ಹೊರವಲಯಕ್ಕೆ ಹೋದವರಲ್ಲಿ ಎಷ್ಟೋ ಮಂದಿ ಈ ಒಂದು ಗಂಟೆಯನ್ನು ದಾಟಿದವರು. ದಾಟಿದರೂ ಅಗ್ಗದ ಮನೆಯೋ ಒಳ್ಳೆಯ ಸಂಬಳವೋ ಅದನ್ನು ತುಂಬಿಕೊಡುತ್ತದೆ ಎಂದು ಅರ್ಥಶಾಸ್ತ್ರ ನಂಬಿತ್ತು. ಅಲೋಯ್ಸ್ ಸ್ಟುಟ್ಜರ್ ಮತ್ತು ಬ್ರೂನೊ ಫ್ರೇ ಜರ್ಮನಿಯ ಕುಟುಂಬಗಳ ಸಮೀಕ್ಷೆಯನ್ನು ಹಿಡಿದು ನೋಡಿ 2008ರಲ್ಲಿ ಪ್ರಕಟಿಸಿದ್ದು ಬೇರೆಯೇ: ಪ್ರಯಾಣ ಉದ್ದವಾದಷ್ಟೂ ಬದುಕಿನ ಬಗೆಗಿನ ತೃಪ್ತಿ ಕಡಿಮೆ. ನಷ್ಟ ತುಂಬಿ ಬರುವುದಿಲ್ಲ. ಹೊರವಲಯವನ್ನು ಹೊಗಳುವವರು ಕೋಣೆಯ ಅಳತೆ ಹೇಳುತ್ತಾರೆ, ಗುಬ್ಬಚ್ಚಿಯ ಫೋಟೊ ಕಳಿಸುತ್ತಾರೆ. ಆ ಮನೆಯಿಂದ ದಿನಾ ಹೋಗಿ ಬರುವವರು ಯಾರು ಎಂಬುದನ್ನು ಮಾತ್ರ ನಡುವೆ ಎಲ್ಲೋ ಒಂದು ಸಾಲಿನಲ್ಲಿ ಮುಗಿಸುತ್ತಾರೆ.

ಹೊಸ ರಸ್ತೆ ಬರುತ್ತದೆ, ಆಮೇಲೆ ಬೇಗ ತಲುಪಬಹುದು ಎಂದು ಮನೆ ತೋರಿಸುವವರೆಲ್ಲ ಹೇಳುತ್ತಾರೆ. ಅಮೆರಿಕದ ನಗರಗಳ ಹೆದ್ದಾರಿಗಳನ್ನು ಅಧ್ಯಯನ ಮಾಡಿದ ಜಿಲ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ 2011ರಲ್ಲಿ ಕಂಡುಕೊಂಡದ್ದೆಂದರೆ, ರಸ್ತೆ ಎಷ್ಟು ಹೆಚ್ಚಿತೋ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ವಾಹನ ಓಡಾಟವೂ ಹೆಚ್ಚಿತು. ನಿಮ್ಮ ಹಾಗೆಯೇ ಆ ರಸ್ತೆ ನಂಬಿ ಮನೆ ಕೊಂಡವರು ಬೇಕಾದಷ್ಟು ಜನ ಇರುತ್ತಾರೆ.

ಎಬನೀಜರ್ ಹೊವಾರ್ಡ್ ಹೆಸರನ್ನು ಈ ಚರ್ಚೆಯಲ್ಲಿ ಯಾರಾದರೂ ತಂದೇ ತರುತ್ತಾರೆ. ಅವರು ಕೇಳಿದ್ದು ಸುಮಾರು 32,000 ಜನರ, ಕಾರ್ಖಾನೆ, ಅಂಗಡಿ, ಶಾಲೆ ಎಲ್ಲ ಅಲ್ಲೇ ಇರುವ ಊರು. ರಾತ್ರಿ ಮಲಗಲು ಮಾತ್ರ ಬರುವ ಬಡಾವಣೆಯನ್ನಲ್ಲ.

ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಾಗ ಸಾಲದು ಎನ್ನುವವರು ಮೊದಲು ಅಟ್ಟದ ಮೇಲಿನ ಖಾಲಿ ಡಬ್ಬಗಳನ್ನು ಹೊರಗೆ ಹಾಕಲಿ.

ಮಕ್ಕಳ ವಿಷಯ ಹೇಳಲೇಬೇಕು. ನಗರದಲ್ಲಿ ಹದಿಮೂರರ ಹುಡುಗಿ ತಾನೇ ಬಸ್ ಹತ್ತಿ ಗೆಳತಿಯ ಮನೆಗೆ ಹೋಗುತ್ತಾಳೆ. ನನ್ನ ಸ್ನೇಹಿತ ಊರಾಚೆಗೆ ಹೋದ ಮೇಲೆ ಅವನ ಮಗಳನ್ನು ಎಲ್ಲಿಗೇ ಆದರೂ ಕಾರಿನಲ್ಲೇ ಬಿಡಬೇಕು, ಕಾರಿನಲ್ಲೇ ಕರೆತರಬೇಕು. ಹಿಂದೆ ನಮ್ಮ ಮನೆಗೆ ಬಂದರೆ ಎದ್ದು ಹೋಗಲು ಮನಸ್ಸಿಲ್ಲದವನು ಈಗ ಊಟದ ನಡುವೆಯೇ ಗಡಿಯಾರ ನೋಡುತ್ತಾನೆ. ಮಗಳು ಟ್ಯೂಷನ್ ಮುಗಿಸಿ ಕಾಯುತ್ತಿರುತ್ತಾಳೆ, "ಹೊರಡ್ತೀನಪ್ಪಾ" ಅನ್ನುವಾಗ ಕೈಯಲ್ಲಿ ಆಗಲೇ ಕಾರಿನ ಕೀ. ಅವರ ಮನೆಯಲ್ಲಿ ಈಗ ಎರಡನೇ ಕಾರಿನ ಮಾತು ನಡೆದಿದೆ. ಉಳಿದ ಬಾಡಿಗೆ ಅದರ ಕಂತಿಗೆ ಹೋಗುತ್ತದೆ.

ಹೋಗಲೇಬೇಕು ಎನ್ನುವವರು ಮನೆ ಕೊಳ್ಳುವ ಮೊದಲು ಅಲ್ಲಿ ಒಂದು ವರ್ಷ ಬಾಡಿಗೆಗೆ ಇದ್ದು ನೋಡಲಿ, ಮಳೆಗಾಲದ ಸೋಮವಾರಗಳೂ ಅದರಲ್ಲಿ ಬರಲಿ. ಬಾಡಿಗೆಗೆ ಮನೆಯೇ ಸಿಗದಿದ್ದರೆ ಯಾಕೆ ಸಿಗುತ್ತಿಲ್ಲ ಎಂದು ಅಲ್ಲಿಯ ಅಂಗಡಿಯವರನ್ನು ಕೇಳಿ. ಮನೆ ಮಾರುವವರನ್ನು ಕೇಳಬೇಡಿ.