ಎಳೆಯುವ ಶಕ್ತಿ ಅವರದ್ದು, ಕೊಂಡಿ ನಮ್ಮದು

ಆ ಜಾಹೀರಾತನ್ನು ನೀವೂ ನೋಡಿರುತ್ತೀರಿ. ಫೋರ್ ವೀಲ್ ಡ್ರೈವ್ ಗಾಡಿಯೊಂದು ಕೆಸರು ಹಾರಿಸಿಕೊಂಡು ಗುಡ್ಡ ಹತ್ತುತ್ತದೆ. ಹಿಂದೆ ಟ್ರೇಲರ್ ಮೇಲೆ ಒಂದು ದೋಣಿ. ಕೆಳಗೆ ದಪ್ಪ ಅಕ್ಷರದಲ್ಲಿ 3500 ಕೆಜಿ. ದೋಣಿಗೆ ಗುಡ್ಡದ ಮೇಲೆ ಏನು ಕೆಲಸ ಅಂತ ಯಾರೂ ಕೇಳುವುದಿಲ್ಲ. ಕೇಳಿದರೂ ಕೇಳಿಸದಷ್ಟು ಜೋರಾಗಿ ಸಂಗೀತ ಹಾಕಿರುತ್ತಾರೆ.

ಗಾಡಿ ಮನೆಗೆ ಬರುತ್ತದೆ. ಹಿಂದೆ ಹೋಗಿ ಬಗ್ಗಿ ನೋಡಿದರೆ ಒಂದು ಪ್ಲಾಸ್ಟಿಕ್ ಬಂಪರ್, ಅದರ ಒಳಗೆ ಚಾಸಿಯಲ್ಲಿ ಒಂದಷ್ಟು ಖಾಲಿ ತೂತುಗಳು. ಅಷ್ಟೇ. ಮೂರೂವರೆ ಟನ್ ಎಳೆಯುವ ಗಾಡಿಯಲ್ಲಿ ಎಳೆಯಲು ಬೇಕಾದ ಕೊಂಡಿಯೇ ಇಲ್ಲ. ಅದು ಆಕ್ಸೆಸರಿಯಂತೆ! ಕಾಲೊರೆಸು, ಮಡ್ ಫ್ಲ್ಯಾಪ್, ಘಮಘಮ ಅನ್ನುವ ಡಬ್ಬಿ ಇರುವ ಪಟ್ಟಿಯಲ್ಲೇ ಟೋ ಬಾರ್, ಅಂದರೆ ಕೊಂಡಿ ಹೊತ್ತ ಕಬ್ಬಿಣದ ಪಟ್ಟೆ ಕೂಡ ಕೂತಿದೆ. ಸ್ಟೀರಿಂಗ್ ಹೇಗೆ ಆ ಪಟ್ಟಿಗೆ ಸೇರದೆ ಉಳಿಯಿತೋ ಗೊತ್ತಿಲ್ಲ. ಮುಂದಿನ ಮಾಡೆಲ್‌ನಲ್ಲಿ ಸೇರಬಹುದು.

ಆ 3500ರ ಮಹಿಮೆಯನ್ನೂ ಸ್ವಲ್ಪ ನೋಡೋಣ. ಅದು ಟ್ರೇಲರ್‌ಗೆ ಅದರದ್ದೇ ಬ್ರೇಕ್ ಇದ್ದರೆ ಮಾತ್ರ. ಬ್ರೇಕ್ ಇಲ್ಲದಿದ್ದರೆ ಹೆಚ್ಚಿನ ಗಾಡಿಗಳಲ್ಲಿ ಅಂಕಿ 750ಕ್ಕೆ ಇಳಿಯುತ್ತದೆ. ಆಮೇಲೆ ಟೋ ಬಾಲ್, ಅಂದರೆ ಟ್ರೇಲರ್ ಸಿಕ್ಕಿಸುವ ಗುಂಡಿನ ಮೇಲೆ ಕೂರುವ ಭಾರ. ಟ್ರೇಲರ್ ತೂಕದ ಶೇ 10 ಅಂತ ಹಿಡಿದರೆ 350 ಕೆಜಿ. ಅಂದರೆ ನಾಲ್ಕೈದು ದೊಡ್ಡವರು ಬಂಪರ್ ಹಿಂದೆ ಜೋತುಬಿದ್ದ ಹಾಗೆ. ಆ ಭಾರ ಗಾಡಿಯೊಳಗಿನ ಲಗೇಜಿನ ಲೆಕ್ಕಕ್ಕೇ ಸೇರುತ್ತದೆ. ಸಾಲದ್ದಕ್ಕೆ ಗಾಡಿ, ಟ್ರೇಲರ್ ಎರಡೂ ಸೇರಿ ಇಷ್ಟೇ ತೂಗಬೇಕು ಅನ್ನುವ ಇನ್ನೊಂದು ಮಿತಿ ಇದೆ. ಅದು ಮ್ಯಾನ್ಯುಯಲ್‌ನ ಯಾವುದೋ ಮೂಲೆಯಲ್ಲಿರುತ್ತದೆ. ಎಲ್ಲ ಕೂಡಿ ಕಳೆದರೆ, ಪೂರ್ತಿ 3500 ಎಳೆಯಬೇಕಾದಾಗ ಎಷ್ಟೋ ಗಾಡಿಗಳಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಳ್ಳುವ ಹಾಗಿಲ್ಲ. ದೋಣಿ ಗಾಡಿಯ ಹಿಂದೆ, ಮನೆಯವರು ಬಸ್ಸಿನಲ್ಲಿ.

ಇರಲಿ. ಕೊಂಡಿ ಇಲ್ಲ ಅಂದಮೇಲೆ ನಾವೇ ಹಾಕಿಕೊಳ್ಳೋಣ ಅಂತ ಹೊರಡುವ ಶೂರರ ಕಡೆಗೆ ಬರುತ್ತೇನೆ. ಇವರ ಬಗ್ಗೆ ನನಗೆ ನಿಜವಾದ ಗೌರವ ಇದೆ. ಕಿಟ್ ಜೊತೆ ಬರುವ ಹಾಳೆಯಲ್ಲಿ ಹೆಚ್ಚುಕಡಿಮೆ ಮಾತೇ ಇಲ್ಲ, ಚಿತ್ರಗಳದ್ದೇ ರಾಜ್ಯ. ಚಿತ್ರದಲ್ಲಿ ಒಂದು ಸ್ಪ್ಯಾನರ್, ಒಂದು ಬಾಣ, ಪಕ್ಕದಲ್ಲಿ ಒಂದು ಗಡಿಯಾರ: ಎರಡು ಗಂಟೆ. ಯಾರ ಎರಡು ಗಂಟೆ? ಗಾಡಿಯನ್ನು ತಲೆ ಮೇಲಕ್ಕೆ ಎತ್ತುವ ಲಿಫ್ಟ್ ಇದ್ದು, ಕೈಯಲ್ಲಿ ಬೋಲ್ಟು ಬಿಗಿಯುವ ಗಾಳಿ ಗನ್ ಇದ್ದು, ಅದೇ ಮಾಡೆಲ್‌ಗೆ ಅದೇ ಬಾರ್ ಹಾಕಿ ಹಾಕಿ ಬೇಜಾರಾದವನ ಎರಡು ಗಂಟೆ.

ವಿಡಿಯೋಗಳಂತೂ ಇನ್ನೂ ಚೆಂದ. ಇಸ್ತ್ರಿ ಅಂಗಿಯ ಮನುಷ್ಯ ನಗುತ್ತಾ, "ಈಗ ಬಂಪರ್ ತೆಗೆಯೋಣ" ಅನ್ನುತ್ತಾನೆ. ಮರುಕ್ಷಣ ಬಂಪರ್ ಹುಲ್ಲಿನ ಮೇಲೆ ಮಲಗಿರುತ್ತದೆ. ನಡುವೆ ಕತ್ತರಿಸಿದ ಆ ಭಾಗದಲ್ಲಿ ಏನೇನು ಮಾತು ಬಂದಿತ್ತು ಅನ್ನುವುದೇ ನನ್ನ ಕುತೂಹಲ. ಬಂಪರ್ ಹಿಡಿದಿಟ್ಟ ಪ್ಲಾಸ್ಟಿಕ್ ಕ್ಲಿಪ್ಪುಗಳು ಮೊದಲು ಬರುವುದೇ ಇಲ್ಲ. ಆಮೇಲೆ ಎರಡು ತುಂಡಾಗಿ ಬರುತ್ತವೆ. ಸ್ಟೆಪ್ನಿ ಇಳಿಸಬೇಕು, ಕೆಲವು ಗಾಡಿಯಲ್ಲಿ ಸೈಲೆನ್ಸರನ್ನು ಅದರ ರಬ್ಬರುಗಳಿಂದ ಬಿಡಿಸಿ ಕೆಳಗೆ ಜೋತುಬಿಡಬೇಕು. ಚಾಸಿಯ ತೂತಿನೊಳಗೆ ಬೋಲ್ಟು ತಿರುಗಿ ಕೂರುವ ಮರೆಗಳಲ್ಲಿ ತುಕ್ಕು ಹಿಡಿಯದ ಬಣ್ಣ ತುಂಬಿ ಗಟ್ಟಿಯಾಗಿರುತ್ತದೆ. ಟ್ಯಾಪ್ ಅನ್ನುವ ಮರೆ ಕೊರೆಯುವ ಉಪಕರಣ ಹಾಕಿ ಅದನ್ನು ಬಿಡಿಸದಿದ್ದರೆ ಬೋಲ್ಟು ಅರ್ಧಕ್ಕೇ ನಿಲ್ಲುತ್ತದೆ. ಇಷ್ಟು ಮುಗಿದ ಮೇಲೆ 25, 30 ಕೆಜಿಯ ಕಬ್ಬಿಣವನ್ನು ಅಂಗಾತ ಮಲಗಿ ಎದೆ ಮೇಲೆ ಇಟ್ಟುಕೊಂಡು ತೂತಿಗೆ ತೂತು ಹೊಂದಿಸಬೇಕು. ಹಾಳೆಯಲ್ಲಿ ಇದಕ್ಕೆ ಮೇಲ್ಮುಖವಾದ ಒಂದು ಬಾಣ ಇದೆ.

ನನಗೆ ಬಹಳ ಇಷ್ಟವಾದದ್ದು ಮಾತ್ರ ಬೋಲ್ಟು ಹಿಡಿಯುವ ಆಟ. ಕೆಲವು ಗಾಡಿಗಳ ಚಾಸಿ ಅಂದರೆ ಮುಚ್ಚಿದ ಕಬ್ಬಿಣದ ಪೆಟ್ಟಿಗೆ. ಒಳಗೆ ಕೈ ಹೋಗುವುದಿಲ್ಲ. ಆದರೆ ಬೋಲ್ಟು ಒಳಗಿಂದ ಹೊರಗೆ ಬರಬೇಕು. ಅದಕ್ಕೆ ಸುರುಳಿ ಸುತ್ತಿದ ಒಂದು ತಂತಿ ಕೊಟ್ಟಿರುತ್ತಾರೆ. ತಂತಿಯನ್ನು ಒಂದು ತೂತಿನಲ್ಲಿ ತೂರಿಸಿ, ಇನ್ನೊಂದು ತೂತಿನಿಂದ ಹೊರತೆಗೆದು, ತುದಿಗೆ ಬೋಲ್ಟು ಸಿಕ್ಕಿಸಿ, ಕತ್ತಲಲ್ಲಿ ಮೆಲ್ಲಗೆ ಎಳೆಯಬೇಕು. ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಬಿಟ್ಟ ಹಾಗೆ. ಬೋಲ್ಟು ಜಾರಿ ಒಳಗೇ ಬಿದ್ದರೆ ಮುಗಿಯಿತು. ಆಮೇಲೆ ಪ್ರತಿ ಸಲ ಬ್ರೇಕ್ ಹಾಕಿದಾಗಲೂ ಅದು ಟಣ್ ಅಂತ ಮುಂದಕ್ಕೆ ಬಂದು ಮಾತಾಡಿಸಿ ಹೋಗುತ್ತದೆ. ಇಂಜಿನ್ನಿಗೆ ಉಪಗ್ರಹದ ಜೊತೆ ಮಾತಾಡಲು ಕಲಿಸಿದವರಿಗೆ ಚಾಸಿಯ ಪಕ್ಕದಲ್ಲಿ ಒಂದು ಕೈ ಹೋಗುವಷ್ಟು ಜಾಗ ಬಿಡಲು ಹೊಳೆಯಲಿಲ್ಲ.

ಹೊಸ ಬಂಪರನ್ನು ಕೊಯ್ಯುವ ಮುಹೂರ್ತವೂ ಉಂಟು. ಅದಕ್ಕೆ ಅಳತೆಯ ಟೆಂಪ್ಲೇಟ್ ಕೊಡುತ್ತಾರೆ, ಒಂದು ಪೂರ್ತಿ ದೊಡ್ಡ ಹಾಳೆ. ಮುಂದೆ ಹೋಗೋಣ.

ಟ್ರೇಲರಿನ ಲೈಟುಗಳಿಗೆ ಗಾಡಿಯಿಂದ ಕರೆಂಟು ಕೊಡುವ ವೈರಿಂಗ್. ಇಲ್ಲಿ ಪ್ರಪಂಚದ ಒಗ್ಗಟ್ಟನ್ನು ಕಾಣಬಹುದು. 7 ಪಿನ್ನಿನ ಪ್ಲಗ್ಗಿದೆ, ಚಪ್ಪಟೆಯಾದ 12 ಪಿನ್ನಿನದ್ದಿದೆ, ದುಂಡನೆಯ 13 ಪಿನ್ನಿನದ್ದಿದೆ. ಯುರೋಪಿನ 7 ಪಿನ್ ಪ್ಲಗ್ಗಿನಲ್ಲಿ ನೀಲಿ ವೈರು ಹಿಂದಿನ ಫಾಗ್ ಲ್ಯಾಂಪಿಗೆ, ಕಪ್ಪು ವೈರು ಎಡಗಡೆಯ ಟೇಲ್ ಲ್ಯಾಂಪಿಗೆ. ಆಸ್ಟ್ರೇಲಿಯಾಕ್ಕೆ ಹೋದರೆ ಅದೇ ನೀಲಿ ಟ್ರೇಲರಿನ ಬ್ರೇಕಿಗೆ, ಅದೇ ಕಪ್ಪು ರಿವರ್ಸ್ ಲೈಟಿಗೆ. ಹಳದಿ ಎಡ ಇಂಡಿಕೇಟರ್, ಹಸಿರು ಬಲ ಇಂಡಿಕೇಟರ್, ಬಿಳಿ ಅರ್ತ್ ಅನ್ನುವಷ್ಟರ ಮಟ್ಟಿಗೆ ಇಬ್ಬರೂ ಒಪ್ಪಿದ್ದಾರೆ. ಅದೇ ಪುಣ್ಯ. ಬಣ್ಣ ನೋಡಿ ಜೋಡಿಸಿಬಿಟ್ಟೆ ಅಂತ ಬೀಗುವವರು ಯಾವ ಖಂಡದ ಬಣ್ಣ ಅಂತಲೂ ನೋಡಿರಬೇಕು.

ಮೊದಲೆಲ್ಲ ಹಿಂದಿನ ಲೈಟಿನ ವೈರಿಗೆ ಇನ್ನೊಂದು ವೈರು ಸೇರಿಸಿದರೆ ಕೆಲಸ ಆಗುತ್ತಿತ್ತು. ಈಗ ಹಾಗೆ ಮಾಡಿದರೆ ಗಾಡಿಯ ಕಂಪ್ಯೂಟರ್‌ಗೆ ಅನುಮಾನ ಬರುತ್ತದೆ. ಕರೆಂಟು ಜಾಸ್ತಿ ಹೋಗ್ತಿದೆಯಲ್ಲ ಅಂತ ಎದುರಿನ ಪರದೆಯಲ್ಲಿ ದೂರು ಕೊಡುತ್ತದೆ. ಆದ್ದರಿಂದ ಟ್ರೇಲರಿನ ಲೈಟಿಗೆ ಬೇರೆಯಾಗಿ ಕರೆಂಟು ಹಂಚುವ ಒಂದು ಪುಟ್ಟ ಪೆಟ್ಟಿಗೆ, ಮಾಡ್ಯೂಲ್, ಬೇಕು. ಹಲವು ಗಾಡಿಗಳಲ್ಲಿ ಮಾಡ್ಯೂಲ್ ಹಾಕಿದರೂ ಸಾಲದು, ಕೋಡಿಂಗ್ ಆಗಬೇಕು. ಅಂದರೆ ಲ್ಯಾಪ್‌ಟಾಪ್ ಚುಚ್ಚಿ, "ನಿನಗೆ ಕೊಂಡಿ ಬಂದಿದೆ" ಅಂತ ಗಾಡಿಗೆ ತಿಳಿಹೇಳಬೇಕು. ಹೇಳದಿದ್ದರೆ ಹಿಂದೆ ಟ್ರೇಲರ್ ಇದ್ದರೂ ಗಾಡಿಗೆ ಗೊತ್ತೇ ಆಗುವುದಿಲ್ಲ. ರಿವರ್ಸ್ ಹಾಕಿದರೆ ಸಾಕು, ಏನೋ ಅಡ್ಡ ಬಂತು ಅಂತ ಪಾರ್ಕಿಂಗ್ ಸೆನ್ಸರ್ ಬಾಯಿ ಬಡಿದುಕೊಳ್ಳುತ್ತದೆ. ತನ್ನ ಬಾಲಕ್ಕೆ ತಾನೇ ಹೆದರುವ ಗಾಡಿ! ಮೂರೂವರೆ ಟನ್ನಿನ ಪೈಲ್ವಾನ್.

ತಿಳಿಹೇಳುವ ಸಾಫ್ಟ್‌ವೇರ್ ಯಾರ ಹತ್ತಿರ ಇದೆ? ಹೆಚ್ಚಾಗಿ ಗಾಡಿ ಮಾರಿದವರ ಹತ್ತಿರ. ಗಾಡಿ ನಮ್ಮದು, ಬಾರ್ ನಮ್ಮದು, ಬೆನ್ನುನೋವು ನಮ್ಮದು. ಒಪ್ಪಿಗೆ ಅವರದ್ದು.

ಇಷ್ಟೆಲ್ಲ ಪಾಡುಪಟ್ಟು ಹಾಕಿದ ಬಾರ್‌ಗೆ ಕೆಲವರು ಜನ್ಮದಲ್ಲಿ ಟ್ರೇಲರ್ ಕಟ್ಟುವುದಿಲ್ಲ. ಅದರ ಮೇಲೆ 50 ಮಿಲಿಮೀಟರಿನ ಗುಂಡು ಹೊಳೆಯುತ್ತಾ ಕೂತಿರುತ್ತದೆ, ದಾರಿಯಲ್ಲಿ ಹೋಗುವವರ ಮೊಣಕಾಲಿನ ಕೆಳಗೆ ಸರಿಯಾಗಿ ತಾಗುವ ಎತ್ತರದಲ್ಲಿ. ಪಿನ್ ಎಳೆದರೆ ಬಿಚ್ಚಿ ಬರುವಂಥದ್ದನ್ನೂ ಬಿಚ್ಚುವುದಿಲ್ಲ. ಅಷ್ಟು ಕಷ್ಟಪಟ್ಟು ಹಾಕಿದ್ದು ನಾಲ್ಕು ಜನಕ್ಕೆ ಕಾಣಬೇಡವೇ, ಅಲ್ವಾ?

ನಗುವುದು ಇಲ್ಲಿಗೆ ಸಾಕು. ಆ ಹಾಳೆಯ ಕೊನೆಗೆ, ಇರುವೆಯಷ್ಟು ಅಕ್ಷರದಲ್ಲಿ, "ಅರ್ಹ ತಂತ್ರಜ್ಞರಿಂದಲೇ ಅಳವಡಿಸಿ" ಅಂತ ಇರುತ್ತದೆ. ಅಲ್ಲಿಗೆ ಕಂಪನಿಯವರ ಕೈ ತೊಳೆದಾಯಿತು. ಹಾಗಿದ್ದರೆ ಸ್ಪ್ಯಾನರ್, ಬಾಣ, ಗಡಿಯಾರದ ಚಿತ್ರ ಯಾರಿಗೆ ಬರೆದಿರಿ? ಬೋಲ್ಟಿನ ತಲೆ ಮೇಲೆ ಅದರ ಗಟ್ಟಿತನ ಹೇಳುವ ಅಂಕಿ 8.8 ಇದ್ದರೆ ಒಂದು ಬಿಗಿ, 10.9 ಇದ್ದರೆ ಬೇರೆ ಬಿಗಿ. ಬಿಗಿ ಅಳೆಯುವ ಟಾರ್ಕ್ ರೆಂಚಿನಲ್ಲಿ ಎಷ್ಟು ನ್ಯೂಟನ್ ಮೀಟರ್ ಇಡಬೇಕು ಅನ್ನುವ ಅಂಕಿಯೇ ಆ ಹಾಳೆಯಲ್ಲಿ ಮಸಿ ಹರಡಿ ಓದಲಾಗದ ಹಾಗಿದ್ದರೆ ಏನು ಮಾಡುವುದು? ಕೈಯಲ್ಲಿ ಆದಷ್ಟು ಬಿಗಿ ಮಾಡುತ್ತಾರೆ. ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೆ ಬಿಗಿ ನೋಡಬೇಕು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಬಾರ್ ಕಳಚಿದರೆ ಟ್ರೇಲರ್ ಹೋಗುವುದು ಹಿಂದೆ ಬರುತ್ತಿರುವವರ ಮೇಲೆ. ಅವರು ಯಾವ ಜಾಹೀರಾತನ್ನೂ ನಂಬಿದವರಲ್ಲ.

ಇನ್ನೊಂದು ಇದೆ. ಕೆಸರಿನಲ್ಲಿ ಹೂತ ಗಾಡಿಯನ್ನು ಎಳೆಯಲು ಟೋ ಬಾಲ್‌ಗೆ ಪಟ್ಟಿ ಸಿಕ್ಕಿಸಬಾರದು. ಹಿಗ್ಗುವ ಪಟ್ಟಿಯ ಜಗ್ಗಿಗೆ ಆ ಗುಂಡು ತುಂಡಾದರೆ ನೇರ ಗಾಜು ಒಡೆದು ಒಳಗೆ ಬರಬಹುದು. ಹೀಗೆ ಜನ ಸತ್ತಿದ್ದಾರೆ. ಎಳೆದು ತೆಗೆಯಲು ಅಂತಲೇ ಮಾಡಿದ ರಿಕವರಿ ಪಾಯಿಂಟ್ ಬೇರೆ ಇರುತ್ತದೆ, ಅದಕ್ಕೇ ಹಾಕಬೇಕು. ಕೆಸರಲ್ಲಿ ಹೊರಳಾಡಿಸಿಯೇ ಮಾರುವ ಗಾಡಿಗೆ ಇದಕ್ಕಿಂತ ಮುಖ್ಯವಾಗಿ ಹೇಳಬೇಕಾದ್ದು ಏನಿದೆ? ಬಂಪರ್ ಕೊಯ್ಯಲು ಒಂದು ಪೂರ್ತಿ ಹಾಳೆ ಕೊಟ್ಟವರು ಇದಕ್ಕೆ ಅರ್ಧ ಸಾಲು ಕೊಟ್ಟಿದ್ದರೆ ಅದೇ ಹೆಚ್ಚು.