ಭೂಮಿಗೆ ಜ್ವರ ಬಂದಿದೆ

ಸ್ಪರ್ಧೆಗೆ ಮಕ್ಕಳು ಬರೆಯುವ ಚಿತ್ರದಲ್ಲಿ ಭೂಮಿಯ ಬಾಯಲ್ಲಿ ಥರ್ಮಾಮೀಟರ್, ಹಣೆ ಮೇಲೆ ಒದ್ದೆ ಬಟ್ಟೆ, ಎರಡೂ ಕಣ್ಣಲ್ಲಿ ಗಳಗಳ ನೀರು. ಒಂದು ಕಡೆ ಹಸಿರು ಮರ, ಇನ್ನೊಂದು ಕಡೆ ಒಣಗಿದ ಮರ. ಕೆಳಗೆ ಭೂಮಿಯನ್ನು ಹಿಡಿದುಕೊಂಡ ಎರಡು ಕೈ. ಆ ಕೈ ಯಾರದು, ಆಸಾಮಿ ಭೂಮಿ ಬಿಟ್ಟು ಎಲ್ಲಿ ನಿಂತಿದ್ದಾನೆ ಅಂತ ಯಾವ ಮಗುವೂ ಕೇಳುವಂತಿಲ್ಲ. ಕೇಳಿದರೆ ಬಹುಮಾನ ಹೋಗುತ್ತೆ.

ಕೇಂದ್ರದ ವಿದ್ಯುತ್ ಸಚಿವಾಲಯ ಮತ್ತು ಇಂಧನ ದಕ್ಷತಾ ಬ್ಯೂರೋ 2005ರಿಂದ ಇಂಧನ ಉಳಿತಾಯದ ಬಗ್ಗೆ ಶಾಲಾ ಮಕ್ಕಳಿಗೆ ರಾಷ್ಟ್ರಮಟ್ಟದ ಚಿತ್ರಕಲಾ ಸ್ಪರ್ಧೆ ನಡೆಸುತ್ತಾ ಬಂದಿವೆ. ಮೊದಲು ಶಾಲೆ, ಆಮೇಲೆ ರಾಜ್ಯ, ಕೊನೆಗೆ ದೇಶ. ಡಿಸೆಂಬರ್ 14, ಇಂಧನ ಸಂರಕ್ಷಣಾ ದಿನ, ಗೆದ್ದವರಿಗೆ ಬಹುಮಾನ. ಮೊದಲನೆಯದು 1 ಲಕ್ಷ ರೂಪಾಯಿ. ಉದ್ದೇಶ ಒಳ್ಳೆಯದೇ, ತಕರಾರಿಲ್ಲ. ನನ್ನ ತಕರಾರು, ಆ ಲಕ್ಷ ಕಿವಿಗೆ ಬಿದ್ದ ಕೂಡಲೇ ಅಪ್ಪ ಅಮ್ಮಂದಿರ ಒಳಗೆ ಎದ್ದು ಕೂರುವ ರವಿವರ್ಮನ ಮೇಲೆ.

ನಮ್ಮನೆಯಲ್ಲೂ ಎದ್ದ. ಆರನೇ ಕ್ಲಾಸಿನ ಮಗಳು ಮೊದಲು ತಾನೇ ಒಂದು ಚಿತ್ರ ಬರೆದಿದ್ದಳು. ಪಂಚೆ ಉಟ್ಟ ಅಜ್ಜ, ಸ್ವಿಚ್‌ಬೋರ್ಡ್ ಮೇಲೆ ಕೈ. ಪಕ್ಕದಲ್ಲಿ ಕಪ್ಪು ಮೆತ್ತಿದ ಬಚ್ಚಲಮನೆ. ಅದರೊಳಗಿಂದ ಒಂದು ಗುಳ್ಳೆ, ಗುಳ್ಳೆಯಲ್ಲಿ ನನ್ನ ಮಾತು: 'ಒಳಗಿದೀನೀ!'

ಡ್ರಾಯಿಂಗ್ ಮೇಷ್ಟ್ರು ಹಾಳೆ ತಿರುಗಿಸಿ ಮುರುಗಿಸಿ ನೋಡಿದರಂತೆ. 'ಇದರಲ್ಲಿ ಭೂಮಿ ಎಲ್ಲಮ್ಮಾ?' ಅಂದರಂತೆ. ಹಿಂದಿನ ವರ್ಷ ಗೆದ್ದ ಚಿತ್ರದ ಫೋಟೋ ತೋರಿಸಿ, ಹೀಗೆ ಬರೆದುಕೊಂಡು ಬಾ ಅಂತ ಕಳಿಸಿದರು.

ಸರಿ, ರಾತ್ರಿ ಊಟ ಆದಮೇಲೆ ಕೂತೆವು. ಭೂಮಿ ನಾನು, ಕಣ್ಣೀರು ನನ್ನ ಹೆಂಡತಿ. ಮಗಳಿಗೆ ಬ್ರಷ್ ತೊಳೆಯುವ ಕೆಲಸ. ನಡುವೆ ಒಂದು ಬಲ್ಬು ಬೇಕಿತ್ತು. ಒಳಗೆ ತಂತಿ ಸುರುಳಿ ಇರುವ ಬುರುಡೆ ಬಲ್ಬು. 2015ರಲ್ಲಿ ಕಮ್ಮಿ ಬೆಲೆಗೆ ಎಲ್‌ಇಡಿ ಬಲ್ಬು ಕೊಡುವ ಸರ್ಕಾರದ ಉಜಾಲಾ ಯೋಜನೆ ಶುರುವಾಗಿ ಮನೆಮನೆಗೂ ಎಲ್‌ಇಡಿ ಬಂತು. ಮಗಳು ಬುರುಡೆ ಬಲ್ಬನ್ನು ಕಣ್ಣಲ್ಲೇ ಕಂಡಿಲ್ಲ. 'ಇದೇನಪ್ಪಾ, ಒಳಗೆ ಹುಳ?' ಅಂದಳು. ಕರೆಂಟ್ ತಿನ್ನುತ್ತೆ ಅಂತ ಮನೆಯಿಂದ ಓಡಿಸಿದ ಬಲ್ಬು ಈಗ ಬದುಕಿರುವುದು ಕರೆಂಟ್ ಉಳಿಸಿ ಅನ್ನುವ ಚಿತ್ರದಲ್ಲಿ ಮಾತ್ರ.

ಹನ್ನೊಂದೂವರೆ ಆದರೂ ಸಮುದ್ರ ಒಣಗಲಿಲ್ಲ. ವಾಟರ್ ಕಲರ್‌ಗೆ ನೀರು ಜಾಸ್ತಿ ಮಾಡಿದ್ದೆ. ಹಾಲ್‌ನ ಎರಡೂ ಟ್ಯೂಬ್‌ಲೈಟ್ ಹಾಕಿ, ಫ್ಯಾನ್ ಐದಕ್ಕೆ ತಿರುಗಿಸಿ, ಸಾಲದು ಅಂತ ಹೇರ್ ಡ್ರೈಯರ್ ತಂದೆವು. ಸಾವಿರ ವಾಟಿನದು. ಅರ್ಧ ಗಂಟೆ ಓಡಿಸಿದರೆ ಅರ್ಧ ಯೂನಿಟ್. ಅಷ್ಟು ಕರೆಂಟಲ್ಲಿ 9 ವಾಟಿನ ಎಲ್‌ಇಡಿ ಎರಡು ಹಗಲು ಎರಡು ರಾತ್ರಿ ಉರಿದು ಇನ್ನೂ ಮಿಗುತ್ತೆ. ಈ ಲೆಕ್ಕ ಹಾಕಿದ್ದು ನಾನಲ್ಲ, ಮಗಳು. ಬ್ರಷ್ ತೊಳೆದಾದ ಮೇಲೆ ಅವಳಿಗೆ ಬೇರೆ ಕೆಲಸ ಇರಲಿಲ್ಲ.

'ಸುಮ್ನಿರೆ, ಮೊದಲು ಘೋಷಣೆ ಬರಿ' ಅಂದೆ. 'ವಿದ್ಯುತ್ ಉಳಿಸಿ' ಅಂತ ಹಸಿರು ಸ್ಕೆಚ್ ಪೆನ್ನಲ್ಲಿ ಶುರು ಮಾಡಿದಳು. 'ಉಳಿ'ವರೆಗೆ ಬಂದಿದ್ದಳು. ನಡುಮನೆ ಬಾಗಿಲ ಹತ್ತಿರ ಪಂಚೆ ಸರಿದ ಸದ್ದಾಯಿತು.

ಟಪ್ ಟಪ್ ಟಪ್.

ಕತ್ತಲಲ್ಲಿ ಮೂವರೂ ಒಟ್ಟಿಗೆ ಕೂಗಿದೆವು: 'ಒಳಗಿದೀವೀ!'