ನೀರು ಬೀಳುತ್ತೆ, ಇಳಿಯಲ್ಲ

ನನ್ನ ಹೆಂಡತಿಯ ತಮ್ಮ ನೆಲಮಂಗಲದ ಆಚೆ ಒಂದು ಗೋಡೌನಿನಲ್ಲಿ ಸೂಪರ್‌ವೈಸರ್. ಆಯುಧಪೂಜೆಗೆ ಕರೆದಿದ್ದ. ಹೋದರೆ ಫೋರ್ಕ್‌ಲಿಫ್ಟಿಗೆ ಬಾಳೆಕಂದು, ಲಾರಿ ಚಕ್ರದಡಿ ನಿಂಬೆಹಣ್ಣು, ಬೆಂಕಿ ಆರಿಸುವ ಪಂಪಿಗೆ ಚೆಂಡುಹೂವಿನ ಹಾರ. ಆ ಪಂಪಿಗೆ ವರ್ಷಕ್ಕೆ ಎರಡು ಸಲ ಸ್ನಾನವಂತೆ. ಒಮ್ಮೆ ಹಬ್ಬಕ್ಕೆ, ಒಮ್ಮೆ ಇನ್‌ಸ್ಪೆಕ್ಷನ್‌ಗೆ.

"ತಲೆ ಎತ್ತಿ ನೋಡಿ ಭಾವ" ಎಂದ.

ನೋಡಿದೆ. ಮೇಲೆಲ್ಲ ಕೆಂಪು ಪೈಪು. ಅದರುದ್ದಕ್ಕೂ ಸ್ಪ್ರಿಂಕ್ಲರ್‌ಗಳು. ಒಂದೊಂದರ ಬಾಯಿಗೂ ಬೆರಳಿಗಿಂತ ಸಣ್ಣ ಗಾಜಿನ ಬಿರಡೆ. ಗಾಜಿನೊಳಗೆ ಕೆಂಪು ದ್ರವ ಇದ್ದರೆ 68 ಡಿಗ್ರಿ ಶಾಖಕ್ಕೆ ಒಡೆಯುತ್ತದೆ, ನೀರು ಸುರಿಯುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಎಲ್ಲವೂ ಒಟ್ಟಿಗೆ ಸುರಿಯುವುದಿಲ್ಲ. ಬಿಸಿ ತಾಗಿದ್ದು ಮಾತ್ರ ಬಾಯಿ ಬಿಡುತ್ತದೆ. ಕರೆದವರ ಮನೆಗಷ್ಟೇ ಹೋಗುವ ಮರ್ಯಾದಸ್ಥ ಯಂತ್ರ. ಇಲ್ಲಿ ಕೆಲವಕ್ಕೆ ಗಾಜೇ ಕಾಣಲಿಲ್ಲ. ಪೈಪಿಗೆ ಪೇಂಟ್ ಹೊಡೆದವರು ಅದಕ್ಕೂ ಒಂದು ಕೋಟ್ ಬಳಿದಿದ್ದರು. "ಮ್ಯಾಚಿಂಗ್ ಆಗಿದೆ ಅಲ್ವಾ?" ಎಂದ.

"ರ್‍ಯಾಕಿನಲ್ಲಿ ಏನಿದೆ?"

"ಬಿಸ್ಕತ್ತು. ಸ್ಪ್ರಿಂಕ್ಲರ್ ಹಾಕಿಸುವಾಗ ಕೊಟ್ಟ ಕಾಗದದಲ್ಲೂ ಹಾಗೇ ಬರೆದಿದ್ದೀವಿ."

ಕಾಗದ ಬರೆದಾಗ ಬಿಸ್ಕತ್ತು ರಟ್ಟಿನ ಪೆಟ್ಟಿಗೆಯಲ್ಲಿತ್ತು. ಎಷ್ಟು ನೀರು, ಎಷ್ಟು ಒತ್ತಡ ಎಂಬ ಲೆಕ್ಕವೆಲ್ಲ ಅದಕ್ಕೇ ಹಾಕಿದ್ದು. ಆಮೇಲೆ ರಟ್ಟು ಹೋಗಿ ನೀಲಿ ಪ್ಲಾಸ್ಟಿಕ್ ಕ್ರೇಟ್ ಬಂತು. ಕಾಗದದಲ್ಲಿ ಮಾತ್ರ ರಟ್ಟು ಇನ್ನೂ ಗಟ್ಟಿಮುಟ್ಟಾಗಿದೆ. ಬೆಂಕಿ ಬಂದರೆ ಮೊದಲು ಫೈಲ್ ಓದಿಕೊಂಡು ಬರಬೇಕು.

"ಬಿಸ್ಕತ್ತಿಗೆ ಏನು ಬೆಂಕಿ ಹತ್ತುತ್ತೆ ಭಾವ? ಅದು ಮೊದಲೇ ಬೆಂದಿರುತ್ತೆ!"

ಬಿಸ್ಕತ್ತು ಬೆಂದಿದೆ, ಒಪ್ಪಿದೆ. ಕ್ರೇಟ್? ಪಾಲಿಪ್ರೊಪಿಲೀನ್, ಪಾಲಿಥಿಲೀನ್ ಎಂಬ ಈ ಪ್ಲಾಸ್ಟಿಕ್‌ಗಳು ಉರಿದರೆ ಕಿಲೋ ಲೆಕ್ಕದಲ್ಲಿ ಹೆಚ್ಚುಕಡಿಮೆ ಸೀಮೆಎಣ್ಣೆಯಷ್ಟೇ ಶಾಖ. ಮರಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಸಾಲದ್ದಕ್ಕೆ ಕರಗಿ, ಉರಿಯುತ್ತಲೇ ತೊಟ್ಟಿಕ್ಕುತ್ತದೆ. ರೇಷನ್ ಅಂಗಡಿಯಲ್ಲಿ ಕಾಣೆಯಾದ ಸೀಮೆಎಣ್ಣೆ ಇಲ್ಲಿ ಗಟ್ಟಿಯಾಗಿ, ನೀಲಿ ಬಣ್ಣ ಬಳಿದುಕೊಂಡು ಕೂತಿದೆ ಅಂದುಕೊಳ್ಳಿ. ಅಮೆರಿಕದವರ ಸ್ಪ್ರಿಂಕ್ಲರ್ ನಿಯಮ, ಎನ್‌ಎಫ್‌ಪಿಎ 13, ಸರಕನ್ನು ನಾಲ್ಕು ವರ್ಗ ಮಾಡಿ ಪ್ಲಾಸ್ಟಿಕ್ಕಿಗೆ ಬೇರೆ ಪಂಕ್ತಿಯನ್ನೇ ಹಾಕಿದೆ. ಅದರಲ್ಲಿ ಇವು 'ಎ' ಗುಂಪು, ಅಂದರೆ ಎಲ್ಲಕ್ಕಿಂತ ಜೋರಾಗಿ ಉರಿಯುವ ಗುಂಪು. ಹೇಳಿದೆ. "ನೋಡಿದ್ರಾ, ಎ ಗ್ರೇಡ್ ಮಾಲು!" ಎಂದು ಹಿಗ್ಗಿದ.

ಅಸಲಿ ತಮಾಷೆ ಇನ್ನೊಂದಿದೆ. ಈ ಕ್ರೇಟಿಗೆ ಮುಚ್ಚಳ ಇಲ್ಲ, ತಳದಲ್ಲಿ ತೂತೂ ಇಲ್ಲ. ಬೆಂಕಿ ಹತ್ತುವುದು ಸಾಮಾನ್ಯವಾಗಿ ಕೆಳಗೆ. ನೀರು ಬರುವುದು ಮೇಲಿಂದ. ಎರಡು ಸಾಲುಗಳ ನಡುವಿನ ಸಂದಿಯಲ್ಲಿ ನೀರು ಇಳಿದರೇನೇ ಉರಿಗೆ ಮುಟ್ಟುವುದು. ಆದರೆ ಮೇಲಿನ ಕ್ರೇಟ್ ಬಾಯಿ ತೆರೆದು ಕೂತಿದೆ. ಬಿದ್ದದ್ದನ್ನೆಲ್ಲ ಹಿಡಿದುಕೊಳ್ಳುತ್ತದೆ. ಅದು ತುಂಬಿ ಚೆಲ್ಲುವಷ್ಟರಲ್ಲಿ ಉರಿ ಆ ಸಂದಿಯನ್ನೇ ಚಿಮಣಿ ಮಾಡಿಕೊಂಡು ಮೇಲೆ ಬಂದಿರುತ್ತದೆ. ಮಂಡ್ಯದ ನಾಲೆ ಕೊನೆಯ ರೈತರನ್ನು ಕೇಳಿ, ಅವರಿಗೆ ಈ ವಿಜ್ಞಾನ ಹೇಳಿಕೊಡಬೇಕಾಗಿಲ್ಲ. ಅಣೆಕಟ್ಟೆಯಲ್ಲಿ ನೀರು ಬಿಟ್ಟ ಸುದ್ದಿ ಪೇಪರಿನಲ್ಲಿ ಬರುತ್ತದೆ, ಗದ್ದೆಗೆ ಬರುವುದಿಲ್ಲ.

ಇದಕ್ಕೆ ಮದ್ದು ಇಲ್ಲದೇ ಇಲ್ಲ. ತಳದಲ್ಲಿ ತೂತಿರುವ ಕ್ರೇಟ್ ಇದೆ, ಮುಚ್ಚಳ ಇದೆ, ರ್‍ಯಾಕಿನ ಒಳಗೇ ಹಂತ ಹಂತವಾಗಿ ಸ್ಪ್ರಿಂಕ್ಲರ್ ಕೂರಿಸಬಹುದು. ಇವರು ಮೊದಲು ತೂತಿನ ಕ್ರೇಟನ್ನೇ ತಂದಿದ್ದರಂತೆ. "ಸೋರುತ್ತೆ" ಎಂದು ವಾಪಸ್ ಕಳಿಸಿದರಂತೆ.

"ಇದೆಲ್ಲ ನಮ್ಮಂಥವರ ತಾಪತ್ರಯ, ಫಾರಿನ್‌ನಲ್ಲಿ ಹೀಗಾಗಲ್ಲ" ಎಂದ. ಇಂಗ್ಲೆಂಡಿನ ಆಂಡೋವರ್‌ನಲ್ಲಿ ಒಕಾಡೊ ಎಂಬ ಆನ್‌ಲೈನ್ ದಿನಸಿ ಕಂಪನಿಯ ಗೋಡೌನ್ ಇತ್ತು. ಸಾವಿರಾರು ಪ್ಲಾಸ್ಟಿಕ್ ಪೆಟ್ಟಿಗೆ, ಅವುಗಳ ತಲೆಯ ಮೇಲೆ ಓಡಾಡುವ ರೋಬೋಗಳು. 2019ರ ಫೆಬ್ರವರಿಯಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಕಡೆ ಕರೆಂಟಿನ ದೋಷವಾಗಿ ಒಂದು ರೋಬೋದ ಪ್ಲಾಸ್ಟಿಕ್ ಮುಚ್ಚಳಕ್ಕೆ ಕಿಡಿ ತಾಗಿತು. ಬೆಂಕಿ ಆರಿಸಲು ನಾಲ್ಕು ದಿನ ಹಿಡಿಯಿತು. ಗೋಡೌನ್ ಹೋಯಿತು. ಅಲ್ಲೂ ಸ್ಪ್ರಿಂಕ್ಲರ್ ಇತ್ತು. ಭಾವಮೈದ ಸ್ವಲ್ಪ ಹೊತ್ತು ಯೋಚಿಸಿ, "ನಮ್ಮಲ್ಲಿ ರೋಬೋ ಇಲ್ಲ, ಪುಣ್ಯ" ಎಂದ.

ಇನ್ನೊಂದು ಮಾತು. ಸ್ಪ್ರಿಂಕ್ಲರ್ ಕೆಳಗೆ ಕನಿಷ್ಠ 45 ಸೆಂಟಿಮೀಟರ್ ಜಾಗ ಖಾಲಿ ಬಿಡಬೇಕು, ಇಲ್ಲದಿದ್ದರೆ ನೀರು ಹರಡುವುದಿಲ್ಲ. ಇಲ್ಲಿ ಕ್ರೇಟ್ ಪೈಪಿಗೆ ಮುತ್ತು ಕೊಡುತ್ತಿತ್ತು. ಕೇಳಿದರೆ, "ಗಾಳಿಗೂ ಬಾಡಿಗೆ ಕಟ್ತಿದ್ದೀವಿ ಭಾವ, ಸುಮ್ನೆ ಬಿಡಕ್ಕಾಗುತ್ತಾ?"

ಪಂಪಿನ ಸಂಪು ನೋಡೋಣ ಎಂದೆ. ಮುಚ್ಚಳ ತೆಗೆದ. ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕಂಡು ನಗುತ್ತೇವೆ. ಇವರು ಮೊದಲೇ ತೋಡಿಟ್ಟಿದ್ದಾರೆ, ಆ ಹೆಚ್ಚುಗಾರಿಕೆ ಒಪ್ಪಬೇಕು. ತಳದಲ್ಲಿ ಮೊಣಕಾಲುದ್ದ ನೀರು. ಉಳಿದದ್ದು ಹಬ್ಬಕ್ಕೆಂದು ಲಾರಿ ತೊಳೆಯಲು ಹೋಗಿತ್ತು.

ಕುಂಬಳಕಾಯಿ ಒಡೆಯುವ ಹೊತ್ತಿಗೆ ಮಳೆ ಶುರುವಾಯಿತು. ಚಾವಣಿಯ ಶೀಟು ಒಂದು ಕಡೆ ಸೋರಿತು. ಹಮಾಲರು ಏಣಿ ಹತ್ತಿ ನೋಡಿದರು. ಮೇಲಿನ ಕ್ರೇಟ್ ತುಂಬಿ ಬಿಸ್ಕತ್ತು ಪೊಟ್ಟಣ ತೇಲುತ್ತಿತ್ತು. ಕೆಳಗಿನ ಕ್ರೇಟುಗಳಿಗೆ ಒಂದು ಹನಿಯೂ ಬಿದ್ದಿರಲಿಲ್ಲ.

"ನೋಡಿ ಭಾವ," ಎಂದ ಭಾವಮೈದ, ಕೈಯಲ್ಲಿದ್ದ ಕುಂಬಳಕಾಯಿ ಹೋಳನ್ನು ಪಕ್ಕಕ್ಕಿಟ್ಟು, "ಎಂಥಾ ಕ್ವಾಲಿಟಿ!"